ಹಳೆಯ ಜೀಪು: ಕೊಳ್ಳಬೇಕೆ, ಬೇಡವೆ?

ಮಲೆನಾಡಿನ ರೈತ ಬಾಂಧವರು ತರಬೇತಿಗೆಂದು ಬಂದಾಗ, ಬೆಳೆಯ ಮಾತೆಲ್ಲ ಮುಗಿದು ಕಾಫಿ ಕುಡಿಯುವ ಹೊತ್ತಿಗೆ ಕೇಳುವ ಪ್ರಶ್ನೆಯೊಂದುಂಟು: "ಸಾರ್, ಒಂದು ಹಳೇ ಫೋರ್ ವೀಲ್ ಜೀಪು ಕೊಡೋದಕ್ಕಿದೆಯಂತೆ. ತಗೊಂಡು ರಿಪೇರಿ ಮಾಡಿಸಬಹುದಾ?" ನಾನು ಬೇಸಾಯಶಾಸ್ತ್ರದವನು, ಯಂತ್ರಶಾಸ್ತ್ರದವನಲ್ಲ. ಆದರೂ ಈ ಪ್ರಶ್ನೆ ಬೇಸಾಯಕ್ಕೆ ಹೊರತಾದುದಲ್ಲ. ತೋಟಕ್ಕೆ ಬೇಕಾದ ವಸ್ತು ಬೇಕಾದ ದಿನ ತಲುಪದಿದ್ದರೆ ನಮ್ಮ ಶಿಫಾರಸುಗಳೆಲ್ಲ ಕಾಗದದಲ್ಲಿಯೇ ಉಳಿಯುತ್ತವೆ.

ಅಡಿಕೆಯ ಕೊಳೆರೋಗವನ್ನೇ ತೆಗೆದುಕೊಳ್ಳಿ. ಮಳೆಗಾಲ ಹಿಡಿಯುವ ಮುನ್ನ ಶೇಕಡ 1ರ ಬೋರ್ಡೋ ದ್ರಾವಣವನ್ನು ಒಮ್ಮೆ ಸಿಂಪಡಿಸಿ, ಸುಮಾರು 40 ದಿನಗಳ ನಂತರ ಮತ್ತೊಮ್ಮೆ ಸಿಂಪಡಿಸಬೇಕು. ಮೊದಲನೆಯದು ಸುಲಭ, ಆಗ ದಾರಿ ಒಣಗಿರುತ್ತದೆ. ಎರಡನೆಯದು ಬೀಳುವುದು ಜಡಿಮಳೆಯ ನಡುವೆ. ಎರಡು ದಿನ ಹೊಳವಾದರೆ ಅಷ್ಟರಲ್ಲಿಯೇ ಪಂಪು, ಪೈಪು, ಡ್ರಮ್ಮು, ಮೈಲುತುತ್ತು, ಸುಣ್ಣ, ಕೊನೆಗಾರರು ಎಲ್ಲರೂ ಎಲ್ಲವೂ ಮೇಲಿನ ತೋಟ ಸೇರಬೇಕು. ಅಂಥ ದಿನ ನಾಲ್ಕೂ ಚಕ್ರ ಎಳೆಯುವ ಗಾಡಿಯ ಬೆಲೆ ತಿಳಿಯುತ್ತದೆ.

ನಮ್ಮ ಮನೆಯ ಅನುಭವವನ್ನು ಮೊದಲು ಹೇಳಿಬಿಡುತ್ತೇನೆ. 2016ರ ಬೇಸಿಗೆಯಲ್ಲಿ ಅಣ್ಣನೂ ನಾನೂ ಸೇರಿ ಒಂದು ಹಳೆಯ ಡೀಸೆಲ್ ಜೀಪು ಕೊಂಡೆವು. ಬಣ್ಣ ಹೊಸದು, ಇಂಜಿನ್ನಿನ ಸದ್ದು ಚೆನ್ನಾಗಿತ್ತು, ಬೆಲೆಯೂ ಕಡಿಮೆ. ಅಗ್ಗದ ಆಸೆಗೆ ಮುಗ್ಗಲು ಜೋಳ ಕೊಂಡಂತಾಯಿತು. ಬಣ್ಣದ ಕೆಳಗೆ ಚಾಸಿಯ ಪಟ್ಟಿ ತುಕ್ಕು ತಿಂದಿತ್ತು. ಇಂಜಿನ್ ನಂಬರು ಆರ್‌ಸಿ ಪುಸ್ತಕದೊಡನೆ ತಾಳೆಯಾಗಲಿಲ್ಲ. ಜುಲೈ ತಿಂಗಳಲ್ಲಿ ಎರಡು ದಿನ ಬಿಸಿಲು ಬಂದಾಗ ಜೀಪು ಗ್ಯಾರೇಜಿನಲ್ಲಿ ಬಿಚ್ಚಿಕೊಂಡು ಕುಳಿತಿತ್ತು. ಮೇಲಿನ ತೋಟಕ್ಕೆ ಎರಡನೆಯ ಔಷಧಿ ಹೋಗಲೇ ಇಲ್ಲ. ಆಗಸ್ಟಿನಲ್ಲಿ ಮರದ ಬುಡದಲ್ಲಿ ಉದುರಿದ ಹಸಿರು ಕಾಯಿಗಳನ್ನು ಅಣ್ಣ ಬುಟ್ಟಿಯಲ್ಲಿ ಆರಿಸುತ್ತಿದ್ದುದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಕೊಳೆರೋಗದ ಬಗ್ಗೆ ಊರೂರಿಗೆ ಉಪನ್ಯಾಸ ಮಾಡುವವನ ಮನೆಯ ತೋಟವದು!

ತಪ್ಪು ಜೀಪಿನದಲ್ಲ, ನಾವು ಹಿಡಿದ ಕ್ರಮದ್ದು. ನನ್ನ ಅಭಿಪ್ರಾಯದಲ್ಲಿ ನೋಡಬೇಕಾದ ಕ್ರಮ ಹೀಗೆ: ಮೊದಲು ದಾರಿ, ಅನಂತರ ಲೆಕ್ಕ, ಆಮೇಲೆ ದಾಖಲೆ, ಅದಾದ ಮೇಲೆ ಚಾಸಿ. ಇಂಜಿನ್ ಮತ್ತು ಬಣ್ಣ ಕಡೆಯಲ್ಲಿ.

ಮೊದಲು ದಾರಿ

ಜೀಪು ಬೇಕೆನಿಸುವುದು ಬಹುಮಟ್ಟಿಗೆ ದಾರಿ ಕೆಟ್ಟಿರುವುದರಿಂದ. ದಾರಿ ಕೆಡುವುದು ನೀರಿನಿಂದ. ಇಳಿಜಾರಿನ ಮಣ್ಣು ದಾರಿಯಲ್ಲಿ ಚಕ್ರದ ಜಾಡೇ ಕಾಲುವೆಯಾಗಿ, ನೀರು ಅದರಲ್ಲಿ ರಭಸದಿಂದ ಹರಿದು ಮಣ್ಣನ್ನು ಕೊಚ್ಚುತ್ತದೆ. ತೋಟದಲ್ಲಿ ಬಸಿಗಾಲುವೆ ತೆಗೆಯುವ ನಾವು ದಾರಿಗೆ ಅದನ್ನು ಮಾಡುವುದಿಲ್ಲ. ಧರೆಯ ಬದಿಗೆ ಚರಂಡಿ, ಇಳಿಜಾರಿನಲ್ಲಿ ಅಲ್ಲಲ್ಲಿ ನೀರನ್ನು ಪಕ್ಕಕ್ಕೆ ತಿರುಗಿಸುವ ಅಡ್ಡಗಾಲುವೆ, ಜಾರುವ ತಿರುವುಗಳಲ್ಲಿ ಕಲ್ಲುಹಾಸು, ಇಷ್ಟಾದರೆ ಎಷ್ಟೋ ದಾರಿಗಳಲ್ಲಿ ಬಾಡಿಗೆಯ ಪಿಕಪ್ಪೇ ಮಳೆಗಾಲದ ಬಹುಪಾಲು ದಿನ ಓಡಾಡಬಲ್ಲದು. ಮರುವರ್ಷ ನಾವೂ ಹಾಗೆಯೇ ಮಾಡಿದೆವು. ಈ ಖರ್ಚಿನಿಂದ ತೋಟದ ಮೇಲ್ಮಣ್ಣೂ ಉಳಿಯುತ್ತದೆ. ಜೀಪು ಕೊಂಡವರೂ ಇದನ್ನು ಮಾಡಲೇಬೇಕು. ಇಲ್ಲವಾದರೆ ಜೀಪಿನ ಚಕ್ರಗಳೇ ದಾರಿಯನ್ನು ಇನ್ನಷ್ಟು ಅಗೆಯುತ್ತವೆ.

ದಿನಗಳ ಲೆಕ್ಕ

ದಾರಿ ಸರಿಮಾಡಿದ ಮೇಲೂ ನಾಲ್ಕು ಚಕ್ರದ ಎಳೆತವಿಲ್ಲದೆ ಸಾಗದ ದಿನಗಳು ವರ್ಷಕ್ಕೆ ಎಷ್ಟು? ಇದನ್ನು ಒಂದು ಮಳೆಗಾಲ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ನೋಡಿರಿ. ಉದಾಹರಣೆಗೆ ಜೀಪಿನ ಬೆಲೆ 2.5 ಲಕ್ಷ, ರಿಪೇರಿ 1.5 ಲಕ್ಷ, ಬಾಳಿಕೆ 8 ವರ್ಷ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 50 ಸಾವಿರವಾಯಿತು. ವಿಮೆ, ಟೈರು, ಆಯಿಲ್, ಸಣ್ಣಪುಟ್ಟ ಕೆಲಸಕ್ಕೆ 30 ಸಾವಿರ ಸೇರಿಸಿದರೆ 80 ಸಾವಿರ. ಅಗತ್ಯ 40 ದಿನವಾದರೆ ದಿನಕ್ಕೆ 2 ಸಾವಿರ. 10 ದಿನವಾದರೆ 8 ಸಾವಿರ. ಡೀಸೆಲ್ ಬೇರೆ. ನಿಮ್ಮೂರಿನ ಜೀಪಿನ ಬಾಡಿಗೆಯೊಡನೆ ಇದನ್ನು ಹೋಲಿಸಿದರೆ ಉತ್ತರ ತಾನಾಗಿಯೇ ದೊರೆಯುತ್ತದೆ. ಮೆಕ್ಯಾನಿಕ್ ಹೇಳಿದ ಅಂದಾಜಿಗೆ ಅದರ ಅರ್ಧದಷ್ಟನ್ನು ಸೇರಿಸಿಯೇ ಲೆಕ್ಕ ಹಾಕುವುದು ಕ್ಷೇಮ. ಹಳೆಯ ಗಾಡಿಯನ್ನು ಬಿಚ್ಚಿದ ಮೇಲೆಯೇ ಅದರ ನಿಜಸ್ಥಿತಿ ತಿಳಿಯುವುದು.

ದಾಖಲೆ

ಸ್ವಂತ ಬಳಕೆಯ ವಾಹನದ ನೋಂದಣಿಯ ಅವಧಿ 15 ವರ್ಷ. ಅನಂತರ ಗಾಡಿಯನ್ನು ತಪಾಸಣೆಗೆ ಒಪ್ಪಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಲಘು ವಾಹನಗಳಿಗೆ ಈ ಶುಲ್ಕವನ್ನು 5,000 ರೂಪಾಯಿಗೆ ಏರಿಸಲಾಯಿತು. 2025ರ ಆಗಸ್ಟ್ ತಿಂಗಳ ತಿದ್ದುಪಡಿಯು 20 ವರ್ಷ ಮೀರಿದವಕ್ಕೆ 10,000 ರೂಪಾಯಿ ಗೊತ್ತುಪಡಿಸಿತು. ಹಸಿರು ತೆರಿಗೆ ಪ್ರತ್ಯೇಕ. ಇನ್ನೊಂದು ಮುಖ್ಯ ಸಂಗತಿ: ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ ಒಪ್ಪಿಗೆಯಿಲ್ಲದೆ ಇಂಜಿನ್ ಬದಲಿಸುವಂತಿಲ್ಲ. ಪೆಟ್ರೋಲ್ ಜೀಪಿಗೆ ಡೀಸೆಲ್ ಇಂಜಿನ್ ಕೂರಿಸಿದ್ದು ಆರ್‌ಸಿಯಲ್ಲಿ ನಮೂದಾಗಿರದಿದ್ದರೆ ನವೀಕರಣದ ದಿನ ತೊಡಕು ತಪ್ಪದು. ಆದ್ದರಿಂದ ಮುಂಗಡ ಕೊಡುವ ಮೊದಲೇ ಚಾಸಿ ನಂಬರು, ಇಂಜಿನ್ ನಂಬರುಗಳನ್ನು ಕಣ್ಣಾರೆ ನೋಡಿ, ಆರ್‌ಟಿಒ ಕಛೇರಿಯಲ್ಲಿ ವಿಚಾರಿಸಿರಿ. ಹಳೆಯ ಸಾಲದ ನಮೂದು ತೀರುವಳಿಯಾಗಿದೆಯೇ ಎಂಬುದನ್ನೂ ನೋಡಬೇಕು.

ಚಾಸಿ ಮತ್ತು ಯಂತ್ರ

ಎರಡನೆಯ ಮಹಾಯುದ್ಧದ ಕಾಲದ ವಿಲ್ಲಿಸ್ ಜೀಪಿನ ವಿನ್ಯಾಸವನ್ನು ಪರವಾನಗಿಯ ಮೇಲೆ ಪಡೆದು ಮಹೀಂದ್ರ ಕಂಪನಿ ನಮ್ಮ ದೇಶದಲ್ಲಿ ದಶಕಗಳ ಕಾಲ ಜೀಪುಗಳನ್ನು ತಯಾರಿಸಿತು. ಎಂಎಂ 540ರಂಥವು ಇಂದಿಗೂ ಮಲೆನಾಡಿನಲ್ಲಿ ಓಡುತ್ತಿವೆ. ಇವುಗಳ ರಚನೆ ಸರಳ. ಊರಿನ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದು ಬಿಚ್ಚಿ ಜೋಡಿಸಬಲ್ಲ. ಹೀಗಾಗಿ ಇಂಜಿನ್, ಗೇರುಬಾಕ್ಸ್ ಕೆಟ್ಟಿದ್ದರೆ ಖರ್ಚಿನ ಮಾತಷ್ಟೆ. ತುಕ್ಕು ತಿಂದ ಚಾಸಿ ಹಾಗಲ್ಲ. ಸ್ಪ್ರಿಂಗ್ ಪಟ್ಟಿ ಕೂರುವ ಜಾಗ, ಅಡ್ಡಪಟ್ಟಿಗಳ ಬೆಸುಗೆ, ಕೆಸರು ನಿಲ್ಲುವ ಮೂಲೆಗಳನ್ನು ಸುತ್ತಿಗೆಯಿಂದ ತಟ್ಟಿ ನೋಡಿರಿ. ಸದ್ದು ಬೊದ್ದಾದರೆ ಅಂಥ ಜೀಪನ್ನು ಬಿಟ್ಟುಬಿಡುವುದೇ ಲೇಸು.

ಕೆಲವರು ಮುಂದಿನ ಚಕ್ರಗಳಿಗೆ ಶಕ್ತಿ ಕೊಡುವ ಶಾಫ್ಟನ್ನು ಕಳಚಿಟ್ಟಿರುತ್ತಾರೆ. ಲಿವರ್ ಮಾತ್ರ ಉಳಿದಿರುತ್ತದೆ. ಪರೀಕ್ಷೆ ಸುಲಭ. ಇಂಜಿನ್ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಗೇರಿನಲ್ಲಿಟ್ಟು, ಫೋರ್ ವೀಲ್ ಲಿವರ್ ಹಾಕಿ, ಮುಂದಿನ ಒಂದು ಚಕ್ರವನ್ನು ಜಾಕಿನ ಮೇಲೆ ಎತ್ತಿರಿ. ಚಕ್ರದ ಹಬ್ಬಿಗೆ ಲಾಕ್ ಇದ್ದರೆ ಅದನ್ನೂ ಹಾಕಿರಬೇಕು. ಆಗ ಆ ಚಕ್ರ ಕೈಗೆ ಸಲೀಸಾಗಿ ತಿರುಗಿದರೆ, ಮುಂದಿನ ಚಕ್ರಗಳಿಗೆ ಶಕ್ತಿ ಹೋಗುತ್ತಿಲ್ಲವೆಂದೇ ಅರ್ಥ.

ಕೊಂಡ ಮೇಲೆ ಮೊದಲ ಖರ್ಚು ಬ್ರೇಕು ಮತ್ತು ಸ್ಟೀರಿಂಗಿಗೆ ಸಲ್ಲಬೇಕು. ನಾಲ್ಕೂ ಟೈರು ಒಂದೇ ಅಳತೆಯವಿರಲಿ. ಒಣ ಡಾಂಬರಿನ ಮೇಲೆ ಫೋರ್ ವೀಲ್ ಹಾಕಬೇಡಿರಿ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳುವುದರಿಂದ ಗೇರುಗಳು ಬಿಗಿದು ಸವೆಯುತ್ತವೆ. ಕೆಲಸದವರನ್ನು ಕಂಬಿಗೆ ನೇತುಹಾಕಿಕೊಂಡು ಇಳಿಜಾರು ಇಳಿಯುವುದಂತೂ ಸರ್ವಥಾ ಕೂಡದು.

ನಮ್ಮ ಜೀಪು ಈಗ ದಾಖಲೆ ಸರಿಪಡಿಸಿಕೊಂಡು ಓಡುತ್ತಿದೆ; ಎರಡನೆಯ ಔಷಧಿ ತಪ್ಪುತ್ತಿಲ್ಲ. ಆದರೆ ಕೊಟ್ಟ ಹಣದಲ್ಲಿ ಅರ್ಧದಷ್ಟು ಕ್ರಮ ತಪ್ಪಿದ್ದಕ್ಕೆ ತೆತ್ತ ದಂಡವೇ ಸರಿ. ದಾರಿ ಸರಿಮಾಡಿದ ಮೇಲೂ ಅಗತ್ಯದ ದಿನಗಳು ಸಾಕಷ್ಟಿದ್ದು, ಚಾಸಿ ಗಟ್ಟಿಯಾಗಿದ್ದು, ದಾಖಲೆ ನೆಟ್ಟಗಿದ್ದರೆ ಹಳೆಯ ಜೀಪನ್ನು ಧೈರ್ಯವಾಗಿ ಕೊಳ್ಳಿರಿ. ಇವುಗಳಲ್ಲಿ ಒಂದು ತಪ್ಪಿದರೂ ಆ ಹಣ ದಾರಿಯ ಚರಂಡಿಗೆ ಸಲ್ಲಲಿ. ಕೊಳ್ಳುವುದಾದರೆ ಮಳೆಗಾಲ ಮುಗಿದೊಡನೆ ಕೊಳ್ಳಿರಿ; ಮುಂದಿನ ಮುಂಗಾರಿನ ಹೊತ್ತಿಗೆ ಜೀಪು ಗ್ಯಾರೇಜು ಬಿಟ್ಟು ನಿಮ್ಮ ಅಂಗಳದಲ್ಲಿರಬೇಕು.