ರಕ್ತದಲ್ಲಿ ಹೋಮೋಸಿಸ್ಟೀನ್ ಹೆಚ್ಚಾದರೆ



ಕೆಲವು ತಿಂಗಳ ಹಿಂದೆ ನೆರೆಮನೆಯ ಮಹಿಳೆಯೊಬ್ಬರು ತಮ್ಮ ಪತಿಯ ರಕ್ತಪರೀಕ್ಷೆಯ ವರದಿ ಹಿಡಿದುಕೊಂಡು ನನ್ನ ಬಳಿ ಬಂದರು. ಇಂಗ್ಲಿಷ್ ಓದಲು ಬರುವ ಟೀಚರ್ ಎಂದು ಇಂತಹ ಕಾಗದಗಳೆಲ್ಲ ನಮ್ಮ ಮನೆಗೆ ಬರುವುದುಂಟು. ಕೊಲೆಸ್ಟರಾಲ್ ಸರಿಯಿತ್ತು. ಆದರೆ ಹೋಮೋಸಿಸ್ಟೀನ್ ಎಂಬುದರ ಮುಂದೆ 31 ಎಂದಿತ್ತು. ಸಾಮಾನ್ಯವಾಗಿ ಅದು ಲೀಟರಿಗೆ 5ರಿಂದ 15 ಮೈಕ್ರೋಮೋಲ್ ಒಳಗಿರಬೇಕು. ಇದು ಮೀನು-ಮಾಂಸದಿಂದ ಬರುವ ವಿಷ ಎಂದು ಯಾರೋ ಹೆದರಿಸಿದ್ದರಂತೆ. ಎರಡು ವಾರದಿಂದ ಅವರಿಗೆ ಮೀನಿಲ್ಲ, ಮೊಟ್ಟೆಯಿಲ್ಲ, ಹಾಲೂ ಇಲ್ಲ. ಗಂಜಿ, ಚಟ್ನಿ ಅಷ್ಟೇ.

ಹೇಳಿದವರ ಮಾತಿನಲ್ಲಿ ಅರ್ಧ ಸತ್ಯವಿದೆ. ನಾವು ತಿನ್ನುವ ಪ್ರೊಟೀನಿನಲ್ಲಿ ಮೀಥಿಯೋನಿನ್ ಎಂಬ ಅಮೈನೋ ಆಮ್ಲವಿರುತ್ತದೆ. ಮೀನು, ಮಾಂಸ, ಮೊಟ್ಟೆಯಲ್ಲಿ ಹೆಚ್ಚು, ಬೇಳೆಯಲ್ಲಿ ಕಡಿಮೆ. ಶರೀರವು ಅದನ್ನು ಬಳಸುವಾಗ ನಡುವೆ ಹೋಮೋಸಿಸ್ಟೀನ್ ಉಂಟಾಗುತ್ತದೆ. ಆದರೆ ಅದು ಅಲ್ಲಿ ನಿಲ್ಲುವಂಥದ್ದಲ್ಲ. ವಿಟಮಿನ್ ಬಿ12 ಮತ್ತು ಫೋಲೇಟ್ ಸೇರಿ ಅದನ್ನು ಮರಳಿ ಮೀಥಿಯೋನಿನ್ ಆಗಿ ಮಾಡುತ್ತವೆ. ಉಳಿದದ್ದನ್ನು ಬಿ6 ನೆರವಿನಿಂದ ಶರೀರ ಬೇರೆ ದಾರಿಯಲ್ಲಿ ಸಾಗಿಸುತ್ತದೆ. ಈ ವಿಟಮಿನ್‌ಗಳು ಸಾಲದೇ ಹೋದಾಗ ಹೋಮೋಸಿಸ್ಟೀನ್ ರಕ್ತದಲ್ಲಿ ತುಂಬಿಕೊಳ್ಳುತ್ತದೆ. ಮೂತ್ರಪಿಂಡ ದುರ್ಬಲವಾದರೂ, ಥೈರಾಯ್ಡ್ ಮಂದವಾದರೂ ಹೀಗಾಗುತ್ತದೆ. ಇನ್ನು ಬಿ12 ಸಿಗುವುದೆಲ್ಲಿ? ಅವರು ನಿಲ್ಲಿಸಿದ್ದ ಅದೇ ಮೀನು, ಮೊಟ್ಟೆ, ಹಾಲಿನಲ್ಲಿ!

ತುಂಬಿಕೊಂಡರೆ ಆಗುವುದೇನು? ತರಗತಿಯ ಉದಾಹರಣೆಯನ್ನೇ ಕೊಡುತ್ತೇನೆ. ಮಕ್ಕಳು ಉಕ್ತಲೇಖನ ಬರೆಯುವಾಗ ನೋಡಲು ಒಂದೇ ತರಹ ಇರುವ ಅಕ್ಷರಗಳನ್ನು ಅದಲು ಬದಲು ಮಾಡುತ್ತಾರೆ. ಜೀವಕೋಶ ಪ್ರೊಟೀನ್ ಕಟ್ಟುವಾಗಲೂ ಮೀಥಿಯೋನಿನ್ ಜಾಗಕ್ಕೆ ಅದನ್ನೇ ಹೋಲುವ ಹೋಮೋಸಿಸ್ಟೀನ್ ನುಗ್ಗುತ್ತದೆ. ಕೋಶವು ತಪ್ಪನ್ನು ಗುರುತಿಸಿ ಕೂಡಲೇ ಅಳಿಸುತ್ತದೆ. ಆದರೆ ರಬ್ಬರಿನಿಂದ ಉಜ್ಜಿದಾಗ ಪುಡಿ ಉದುರುವಂತೆ, ಅಳಿಸುವಾಗ ಥಯೋಲ್ಯಾಕ್ಟೋನ್ ಎಂಬ ಅಂಟುಗುಣದ ವಸ್ತು ಹುಟ್ಟುತ್ತದೆ. ಇದು ಆಗಲೇ ಸರಿಯಾಗಿ ತಯಾರಾಗಿರುವ ಬೇರೆ ಪ್ರೊಟೀನುಗಳಿಗೆ ಹೋಗಿ ಅಂಟಿ ಅವುಗಳ ರೂಪ ಕೆಡಿಸುತ್ತದೆ. ಹೋಮೋಸಿಸ್ಟೀನ್ ಹೆಚ್ಚಿದಷ್ಟೂ ಈ ಪುಡಿ ಹೆಚ್ಚು. ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನೋಜನ್‌ಗೆ ಇದು ಅಂಟಿದರೆ, ಆಮೇಲೆ ಕಟ್ಟುವ ಹೆಪ್ಪು ಬೇಗ ಕರಗುವುದಿಲ್ಲ. ರೂಪ ಕೆಟ್ಟ ಪ್ರೊಟೀನನ್ನು ಶರೀರದ ರಕ್ಷಣಾ ವ್ಯವಸ್ಥೆ ಪರಕೀಯವೆಂದು ತಿಳಿದು ಅದರ ಮೇಲೆ ಏರಿಹೋಗುವುದೂ ಉಂಟು. ರಕ್ತನಾಳದ ಒಳಪದರಕ್ಕೂ ಪೆಟ್ಟು ಬೀಳುತ್ತದೆ.

ಇದರತ್ತ ಮೊದಲು ಬೊಟ್ಟು ಮಾಡಿದವರು ಅಮೆರಿಕದ ರೋಗಶಾಸ್ತ್ರಜ್ಞ ಕಿಲ್ಮರ್ ಮೆಕಲ್ಲಿ, 1969ರಲ್ಲಿ. 1933ರಲ್ಲಿ ಲಕ್ವದಿಂದ ತೀರಿಕೊಂಡಿದ್ದ ಎಂಟು ವರ್ಷದ ಬಾಲಕ ಮತ್ತು ಎರಡು ತಿಂಗಳ ಹಸುಗೂಸು, ಇಬ್ಬರ ರಕ್ತನಾಳಗಳೂ ಮುದುಕರ ನಾಳಗಳಂತೆ ಗಡುಸಾಗಿದ್ದವು. ಇಬ್ಬರ ಹುಟ್ಟುದೋಷ ಬೇರೆ ಬೇರೆ. ಇಬ್ಬರಲ್ಲೂ ಮಿತಿಮೀರಿದ್ದುದು ಹೋಮೋಸಿಸ್ಟೀನ್.

ಹಾಗಾದರೆ ವಿಟಮಿನ್ ಗುಳಿಗೆ ನುಂಗಿದರೆ ಹೃದಯಾಘಾತ ತಪ್ಪುತ್ತದೆಯೇ? ಎಲ್ಲರೂ ಹಾಗೆಯೇ ಆಶಿಸಿದ್ದರು. ಹೃದ್ರೋಗ ಅಥವಾ ಸಕ್ಕರೆ ಕಾಯಿಲೆಯಿದ್ದ 5,522 ಮಂದಿಯನ್ನು ಐದು ವರ್ಷ ಗಮನಿಸಿದ ಹೋಪ್-2 ಅಧ್ಯಯನದ ಫಲಿತಾಂಶ 2006ರಲ್ಲಿ ಬಂತು. ಹೋಮೋಸಿಸ್ಟೀನ್ ಇಳಿಯಿತು, ಹೃದಯಾಘಾತ ಇಳಿಯಲಿಲ್ಲ. ಲಕ್ವ ಮಾತ್ರ ಸ್ವಲ್ಪ ಕಡಿಮೆಯಾಯಿತು. 2015ರಲ್ಲಿ ಚೀನಾದಲ್ಲಿ ರಕ್ತದೊತ್ತಡವಿದ್ದ 20,702 ಮಂದಿಯ ಅಧ್ಯಯನದಲ್ಲಿ ಒತ್ತಡದ ಮದ್ದಿನ ಜೊತೆ ಫೋಲಿಕ್ ಆಮ್ಲ ಕೊಟ್ಟಾಗ ಮೊದಲ ಲಕ್ವದ ಪ್ರಮಾಣ ಐದನೇ ಒಂದು ಭಾಗದಷ್ಟು ತಗ್ಗಿತು. ಅಲ್ಲಿ ಹಿಟ್ಟಿಗೆ ಫೋಲಿಕ್ ಆಮ್ಲ ಬೆರೆಸುವ ಪದ್ಧತಿ ಇರಲಿಲ್ಲ. ಕೊರತೆ ಇದ್ದವರಿಗೇ ಪ್ರಯೋಜನ ಎಂದು ನನಗೆ ತೋರುತ್ತದೆ. ಆದ್ದರಿಂದ ಗುಳಿಗೆಯನ್ನು ನಂಬಿ ಬಿ.ಪಿ., ಸಕ್ಕರೆಯ ಮದ್ದು ಬಿಡಬೇಡಿ. ಆರೋಗ್ಯವಾಗಿರುವವರೆಲ್ಲ ಹಣ ತೆತ್ತು ಈ ಪರೀಕ್ಷೆಗೆ ಓಡಬೇಕಾಗಿಯೂ ಇಲ್ಲ.

"ಹಾಗಾದ್ರೆ ಟೀಚರೇ, ನಾನೇ ಅವರ ಕಾಯಿಲೆ ಹೆಚ್ಚು ಮಾಡಿದೆನಾ?" ಎಂದು ಆಕೆ ಕಣ್ಣೀರು ತಂದರು. ಇಲ್ಲ. ಬಿ12 ನಮ್ಮ ಪಿತ್ತಕೋಶದ ಬಳಿಯ ಯಕೃತ್ತಿನಲ್ಲಿ ವರ್ಷಗಟ್ಟಲೆ ಸಂಗ್ರಹವಾಗಿರುತ್ತದೆ. ಎರಡು ವಾರದ ಗಂಜಿಯಿಂದ ಅದು ಮುಗಿಯದು. ಕಾರಣ ಬೇರೆಯೇ ಇತ್ತು. ಅವರ ಪತಿ ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರು. ಒಳ್ಳೆಯ ಮದ್ದು, ಆದರೆ ದೀರ್ಘಕಾಲ ಸೇವಿಸಿದರೆ ಕೆಲವರಲ್ಲಿ ಬಿ12 ಹೀರುವಿಕೆ ತಗ್ಗುತ್ತದೆ. ಪಾದ ಜೋಮು ಹಿಡಿಯುತ್ತಿದ್ದುದನ್ನು ಮನೆಯವರು ಸಕ್ಕರೆಯ ಲೆಕ್ಕಕ್ಕೆ ಹಾಕಿದ್ದರು. ನಿಮ್ಮ ಮನೆಯಲ್ಲೂ ಈ ಗುಳಿಗೆ ನುಂಗುವವರಿದ್ದರೆ, ಅದನ್ನು ನಿಲ್ಲಿಸದೆ, ಬಿ12 ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ವೈದ್ಯರನ್ನು ಕೇಳದೆ ಬರೀ ಫೋಲಿಕ್ ಆಮ್ಲ ತಂದು ಕೊಡಬೇಡಿ. ಬಿ12 ಕೊರತೆಯಿರುವಾಗ ಅದರಿಂದ ರಕ್ತಹೀನತೆ ಸರಿಹೋದಂತೆ ಕಂಡು, ಒಳಗೆ ನರಗಳು ಹಾಳಾಗುತ್ತಾ ಹೋಗಬಹುದು.

ಫೋಲೇಟ್ ನಮ್ಮ ಹರಿವೆ, ಪಾಲಕ್, ಹೆಸರುಕಾಳು, ಅಲಸಂದೆಯಲ್ಲಿದೆ. ಸೊಪ್ಪನ್ನು ತುಂಬಾ ಹೊತ್ತು ಕುದಿಸಿ ನೀರು ಬಸಿದು ಚೆಲ್ಲಿದರೆ ಬಹುಪಾಲು ನೀರಿನೊಂದಿಗೇ ಹೋಗುತ್ತದೆ.

ಅವರ ಪತಿಗೆ ವೈದ್ಯರು ಬಿ12 ಚುಚ್ಚುಮದ್ದು ಕೊಟ್ಟರು. ಮೂರು ತಿಂಗಳ ಬಳಿಕ 31 ಇದ್ದದ್ದು 13ಕ್ಕೆ ಬಂದಿತ್ತು. ಸಕ್ಕರೆಯ ಗುಳಿಗೆ ಮೊದಲಿನಂತೆಯೇ ನಡೆಯುತ್ತಿದೆ, ಬಂಗುಡೆ ಸಾರು ಮತ್ತೆ ಶುರುವಾಗಿದೆ. ಪಾದದ ಜೋಮು ಪೂರ್ತಿ ಹೋಗಿಲ್ಲ, ಕಡಿಮೆಯಾಗಿದೆ ಎನ್ನುತ್ತಾರೆ.