ಎರಡು ಕೊಡೆ ಅಗಲದ ದಾರಿ

ಪೇಟೆಯಲ್ಲಿ ನಡೆಯಲೆ ಎಷ್ಟು ಅನುಕೂಲ ಇದ್ದು ಹೇಳಿ ದೊಡ್ಡ ದೊಡ್ಡ ಊರಿಗೆ ಈಗ ಅಂಕ ಕೊಡ್ತ. ಯಂಗ್ಳ ಸಾಗರ, ಹೊಸನಗರ, ತೀರ್ಥಳ್ಳಿ ಅಳೆಯಲೆ ಒಂದು ಕೊಡೆ ಸಾಕು ಹೇಳದು ಯನ್ನ ವಾದ.

ಲೆಕ್ಕ ನೋಡಿ. ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ಪ್ರಕಾರ ಫುಟ್‌ಪಾತಿನಲ್ಲಿ ಅಡ್ಡಿ ಇಲ್ಲದ ಜಾಗ ಕಡಿಮೆ ಅಂದ್ರೂ 1.8 ಮೀಟರ್ ಇರಕ್ಕು. ಬಿಡಿಸಿದ ಕೊಡೆ ಸುಮಾರು ಒಂದು ಮೀಟರ್ ಅಗಲ. ಅಂದ್ರೆ ಎದುರು ಬದುರು ಬಂದ ಇಬ್ರು ಕೊಡೆ ಚೂರು ಓರೆ ಮಾಡಿ ದಾಟಿ ಹೋಪಷ್ಟು ಜಾಗ. ಅಂಚಿನ ಕಲ್ಲು 15 ಸೆಂಟಿಮೀಟರಿಗಿಂತ ಎತ್ತರ ಇಪ್ಪಲಾಗ, ಗೇಣಿಗಿಂತ ಕಡಿಮೆಯೇ ಆತು. ಇದೆಂತ ದೊಡ್ಡ ಆಸೆಯಾ?

ಯಂಗ್ಳ ಹೆಂಗಸರು ಪೇಟೆಗೆ ಹೋಪದು ಅಂದ್ರೆ ಬಸ್ಸಿಳಿದು ಬ್ಯಾಂಕು, ಔಷಧಿ ಅಂಗಡಿ, ದಿನಸಿ, ವಾಪಸ್ ಬಸ್ ಸ್ಟ್ಯಾಂಡು. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಕೊಡೆ, ಸೀರೆ ನೆರಿಗೆ ಎತ್ತಲೆ ಮೂರನೇ ಕೈ ಇಲ್ಲೆ. ಚರಂಡಿ ಚಪ್ಪಡಿ ಅಲ್ಲಾಡಿದ್ರೆ, ಬೈಕು ಅಡ್ಡ ನಿಂತಿದ್ರೆ, ರಸ್ತೆಗೇ ಇಳಿಯಕ್ಕು. ಸಾಗರದ ಬಿ.ಎಚ್. ರಸ್ತೆ ಹೆದ್ದಾರಿಯೂ ಹೌದು, ಜೋಗಕ್ಕೆ ಹೋಪ ಕಾರು ಪಕ್ಕದಲ್ಲೇ ಕೆಸರು ಹಾರಿಸ್ಕೊಂಡು ಹೋಗ್ತು.

ಯನ್ನ ಅತ್ತೆ ಪೇಟೆಗೆ ಬಪ್ಪದೇ ಬಿಟ್ಟಿದ್ದ. ಕೇಳಿದ್ರೆ ಕಾಲು ನೋವು ಹೇಳ್ತ. ತೋಟದ ದರೆ ಹತ್ತಿಳಿಯಲೆ ಆ ಕಾಲಿಗೆ ನೋವಿಲ್ಲೆ! ಹೆದರಿಕೆ ರಸ್ತೆದು. ಹಿಂಗೇ ಎಷ್ಟು ಹಿರಿಯರು ತಮ್ಮ ಪಿಂಚಣಿ, ತಮ್ಮ ಔಷಧಿಗೂ ಮಕ್ಕಳ ಬೈಕಿಗೆ ಕಾಯ್ತಾ ಕೂತಿದ್ವೋ.

ಪ್ರವಾಸಿಗರಿಗೆ ಬೇರೆ ದಾರಿ ಬ್ಯಾಡ. ಅತ್ತೆಗೆ ನಡೆಯಲೆ ಆದ ದಾರಿ ಅವ್ಕೂ ಆಗ್ತು. ತೀರ್ಥಳ್ಳಿಯಲ್ಲಿ ರಾಮೇಶ್ವರ ದೇವಸ್ಥಾನ, ತುಂಗಾ ಹೊಳೆ ಎರಡೂ ಪೇಟೆಯಿಂದ ಕಾಲ್ನಡಿಗೆ ದೂರ. ಸಾಗರದಲ್ಲಿ ಗುಡಿಗಾರರ ಶ್ರೀಗಂಧದ ಕೆತ್ತನೆ ನೋಡಲೆ, ಗಣಪತಿ ಕೆರೆ ಬದಿ ಹೋಪಲೆ ಕಾರು ಎಂತಕ್ಕೆ? ಕೊಡಚಾದ್ರಿಗೆ ಹೊರಟವರು ಹೊಸನಗರದಲ್ಲಿ ಇಳಿದು ನಾಲ್ಕು ಹೆಜ್ಜೆ ಹಾಕಿದ್ರೆ ಅಂಗಡಿಗೂ ವ್ಯಾಪಾರ. ಕಾರಿನಲ್ಲೇ ದಾಟಿ ಹೋದವರು ಊರಿಗೆ ಕೊಡದು ಹೊಗೆ ಮಾತ್ರ.

ಹೂವು ಮಾರವರನ್ನ ಎಬ್ಬಿಸಿ ಹೇಳ್ತಾ ಇಲ್ಲೆ. ಅವ್ಕೆ ಜಾಗ ಗುರುತಿಸಿ ಕೊಡಕ್ಕು ಹೇಳಿ 2014ರ ಬೀದಿ ವ್ಯಾಪಾರಿಗಳ ಕಾಯ್ದೆಯೇ ಹೇಳ್ತು. ಬೈಕಿಗೆ ಮಾತ್ರ ಬೇರೆ ಜಾಗ ನೋಡಕ್ಕು. ಫುಟ್‌ಪಾತ್ ಹೇಳದು ಬದುಕುವ ಹಕ್ಕಿನ ಭಾಗ ಹೇಳಿ ಸುಪ್ರೀಂ ಕೋರ್ಟೇ 2025ರ ಮೇ ತಿಂಗಳಲ್ಲಿ ಹೇಳಿದ್ದು.

ಈ ಮಳೆಗಾಲ ಒಂದು ಕೆಲಸ ಮಾಡನ. ಬಸ್ ಸ್ಟ್ಯಾಂಡಿಂದ ಆಸ್ಪತ್ರೆವರೆಗೆ ಕೊಡೆ ಬಿಡಿಸಿ ನಡೆದು, ಎಷ್ಟು ಕಡೆ ರಸ್ತೆಗೆ ಇಳಿಯಕ್ಕಾತು ಹೇಳಿ ಎಣಿಸಿ, ಜಾಗ ಬರೆದು ನಗರಸಭೆಗೋ ಪಟ್ಟಣ ಪಂಚಾಯ್ತಿಗೋ ಕೊಡನ. ಮುಂದಿನ ಮಳೆಗಾಲಕ್ಕೆ ಮತ್ತೆ ಎಣಿಸನ. ಆ ಸಂಖ್ಯೆ ಕಡಿಮೆ ಆದ್ರೆ ಊರು ಸುಧಾರಿಸ್ತಾ ಇದ್ದು ಹೇಳಿ ಅರ್ಥ.