ಪುಸ್ತಕದಲ್ಲಿಲ್ಲದ ಪ್ರಶ್ನೆ

ಹಾಸನ ತಾಲ್ಲೂಕಿನ ಕಟ್ಟಾಯದ ಭಕ್ತರೊಬ್ಬರ ಮನೆಗೆ ಪಾದಪೂಜೆಗೆಂದು ಹೋಗಿದ್ದಾಗ ಅವರ ಮಗಳು ನಮ್ಮನ್ನು ಕೇಳಿದಳು: “ಬುದ್ಧೀ, ಪುಸ್ತಕದಲ್ಲಿ ಇಲ್ಲದ್ದನ್ನು ಕೇಳಿದರೆ ಅದು ಓದಿದವರ ತಪ್ಪೇ?” ಷಟ್‌ಸ್ಥಲವನ್ನು ಕುರಿತು ಗಂಟೆಗಟ್ಟಲೆ ಉಪನ್ಯಾಸ ಮಾಡಬಲ್ಲ ನಾವು ಅಂದು ನಿರುತ್ತರರಾದೆವು.

ಆಕೆ ಕೇಳಿದುದು 2024ರ ಏಪ್ರಿಲ್ 18 ಮತ್ತು 19ರಂದು ನಡೆದ ಸಿ.ಇ.ಟಿ. ಪರೀಕ್ಷೆಯನ್ನು ಕುರಿತು. ಆ ವರ್ಷ ಪಿ.ಯು. ತರಗತಿಗಳ ವಿಜ್ಞಾನ ಪಠ್ಯದಿಂದ ಕೆಲವು ಭಾಗಗಳನ್ನು ಸರಕಾರವೇ ತೆಗೆದುಹಾಕಿತ್ತು. ಹಾಗೆ ತೆಗೆದುಹಾಕಿದ ಭಾಗಗಳೇ ಸರಕಾರದ ಪ್ರವೇಶ ಪರೀಕ್ಷೆಯಲ್ಲಿ ಪ್ರಶ್ನೆಗಳಾಗಿ ತಲೆಯೆತ್ತಿದವು! ಬಲಗೈ ಅಳಿಸಿದುದನ್ನು ಎಡಗೈ ಅರಿಯದೆ ಹೋಯಿತು. ಪ್ರತಿಭಟನೆಗಳಾದ ಮೇಲೆ ತಜ್ಞರ ಸಮಿತಿ ಕುಳಿತಿತು. 240 ಪ್ರಶ್ನೆಗಳಲ್ಲಿ 50ನ್ನು ಮೌಲ್ಯಮಾಪನದಿಂದ ಕೈಬಿಡಲಾಯಿತು.

ಇಷ್ಟರಿಂದ ಅನ್ಯಾಯವು ಪರಿಹಾರವಾಯಿತೆಂದು ಅಧಿಕಾರಿಗಳು ಭಾವಿಸಿದಂತಿದೆ. ಆದರೆ ಲೆಕ್ಕವನ್ನು ನೋಡಬೇಕು. ಗಣಿತದ 60 ಪ್ರಶ್ನೆಗಳಿಗೆ ಕೊಡುವ ಕಾಲ 80 ನಿಮಿಷ. ಅವುಗಳಲ್ಲಿ 15 ಪಠ್ಯದ ಹೊರಗಿನವು. ಎಂದರೆ ಇಪ್ಪತ್ತು ನಿಮಿಷಗಳ ಪಾಲನ್ನು ಕೇಳಬಾರದ ಪ್ರಶ್ನೆಗಳೇ ಕಬಳಿಸಿದವು. ಪ್ರಶ್ನೆಗಳನ್ನು ಹಿಂತೆಗೆದುಕೊಂಡವರು ಆ ನಿಮಿಷಗಳನ್ನು ಹಿಂದಿರುಗಿಸಿದರೆ? ಹಣ ತೆತ್ತು ಬೆಂಗಳೂರಿನ ಕೋಚಿಂಗ್ ಕೇಂದ್ರಗಳಲ್ಲಿ ಪಳಗಿದವನು ಅರಿಯದ ಪ್ರಶ್ನೆಯನ್ನು ದಾಟಿ ಮುನ್ನಡೆಯುವ ಚಾತುರ್ಯವನ್ನು ಕಲಿತಿರುತ್ತಾನೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಕಲಿತು, ಪಿ.ಯು.ವಿನಲ್ಲಿ ಇಂಗ್ಲಿಷಿನೊಡನೆ ಸೆಣಸಿ, ದಿನವೂ ಹಾಸನದ ಬಸ್ಸು ಹತ್ತಿ ಓದಿದ ಹಳ್ಳಿಯ ಮಗಳು ಸರಕಾರದ ಪುಸ್ತಕವೊಂದನ್ನೇ ನಂಬಿದವಳು. ಅವಳು ತನ್ನ ಓದಿನಲ್ಲಿಯೇ ದೋಷವಿದೆಯೆಂದು ಬಗೆದು ಬೆವರುತ್ತಾಳೆ. ಆ ಎದೆಗುದಿಗೆ ಯಾವ ಸಮಿತಿ ಅಂಕ ಕೊಟ್ಟೀತು?

ಅದೇ 2024ರ ಜುಲೈಯಲ್ಲಿ ನಮ್ಮ ವಿಧಾನಮಂಡಲವು ನೀಟ್ ಪರೀಕ್ಷೆಯ ವಿರುದ್ಧ ನಿರ್ಣಯವನ್ನು ಅಂಗೀಕರಿಸಿತು. ದಿಲ್ಲಿಯ ಪರೀಕ್ಷೆಯ ಹುಳುಕನ್ನು ಎತ್ತಿ ಆಡುವವರು ಏಪ್ರಿಲಿನಲ್ಲಿ ತಮ್ಮ ಮನೆಯಲ್ಲಿ ಆದುದನ್ನು ಮರೆತದ್ದು ಸೋಜಿಗವೇ ಸರಿ.

ಸಿ.ಇ.ಟಿ.ಯನ್ನು ರದ್ದು ಮಾಡಬೇಕೆಂದು ನಾವು ಹೇಳುವವರಲ್ಲ. 1994ರಿಂದ ನಡೆದುಬಂದಿರುವ ಈ ಪದ್ಧತಿಯು ಡೊನೇಷನ್ ಹಾವಳಿಗೆ ಕಡಿವಾಣವಾಗಿ ಬಂದುದು. ಬಡವನ ಮಗನೂ ಎಂಜಿನಿಯರ್ ಆದದ್ದು ಇದರಿಂದಲೇ. ಗ್ರಾಮೀಣರಿಗೆ ಶೇಕಡ 15, ಕನ್ನಡ ಮಾಧ್ಯಮದವರಿಗೆ ಶೇಕಡ 5 ಮೀಸಲು ಇರುವುದೂ ನಿಜ. ಆದರೆ ಒಂದು ಕೈಯಲ್ಲಿ ಮೀಸಲು ಕೊಟ್ಟು, ಇನ್ನೊಂದರಲ್ಲಿ ಪುಸ್ತಕದಾಚೆಯ ಪ್ರಶ್ನೆ ಕೊಡುವುದು ಯಾವ ನ್ಯಾಯ? ಪ್ರಶ್ನೆಪತ್ರಿಕೆ ರಚಿಸುವುದೂ ಒಂದು ಕಾಯಕ. ನೇಕಾರನು ನೂಲಿನ ಎಣಿಕೆ ತಪ್ಪಿದರೆ ಬಟ್ಟೆ ಮಾರಾಟವಾಗದು. ಇಲ್ಲಿ ಎಣಿಕೆ ತಪ್ಪಿದವರಿಗೆ ಏನಾಯಿತು?

ಸರಕಾರವನ್ನು ದೂರಿ ಕೈತೊಳೆದುಕೊಳ್ಳಲು ನಮಗೂ ಅಧಿಕಾರವಿಲ್ಲ. ಎಂಜಿನಿಯರಿಂಗ್, ವೈದ್ಯಕೀಯ ಕಾಲೇಜುಗಳನ್ನು ನಡೆಸುವ ಮಠಗಳು ನಮ್ಮಲ್ಲಿಯೇ ಇವೆ. ಅವುಗಳ ಆಡಳಿತ ಮಂಡಲಿಯ ಕೋಟಾದ ಬಾಗಿಲನ್ನು ಕಟ್ಟಾಯದ ರೈತನು ತಟ್ಟಲು ಸಾಧ್ಯವೇ? ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಜಾತಿ ಕೇಳದೆ ಅನ್ನ ಅಕ್ಷರಗಳನ್ನು ನೀಡಿದ ನಾಡು ಇದು. ಪ್ರತಿ ವರ್ಷವೂ ಪಿ.ಯು. ಪರೀಕ್ಷೆ ಮುಗಿದ ಮರುದಿನದಿಂದ ಸಿ.ಇ.ಟಿ.ಯವರೆಗೆ ಮಠಗಳ ವಿದ್ಯಾರ್ಥಿನಿಲಯಗಳು ಹಳ್ಳಿಯ ಮಕ್ಕಳಿಗೆ ತೆರೆದಿರಲಿ. ಊಟ, ವಸತಿ, ಪಾಠ ಮೂರೂ ಉಚಿತವಾಗಿರಲಿ. ನಿವೃತ್ತ ಉಪನ್ಯಾಸಕರಾದ ಭಕ್ತರು ಕಾಣಿಕೆಯ ಬದಲು ತಿಂಗಳ ಪಾಠವನ್ನು ಒಪ್ಪಿಸಲಿ. ಕಟ್ಟಾಯದ ಆ ಮಗುವಿನ ತಂಗಿ ಈಗ ಒಂಬತ್ತನೆಯ ತರಗತಿಯಲ್ಲಿದ್ದಾಳೆ.